ಸ್ಕ್ಯಾನ್ ವರದಿಯಲ್ಲಿ ‘ಸಿಸ್ಟ್’ ಎಂದು ಬಂದರೆ

(ಭಾಲ್ಕಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಾನು ವೈದ್ಯನಲ್ಲ, ಸರ್ಕಾರಿ ಇಂಜಿನಿಯರನಾಗಿ ದುಡಿದು ನಿವೃತ್ತನಾದವನು. ಆದರೂ ಈ ವಿಷಯ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಹೊಟ್ಟೆನೋವಿಗೋ ಹರಳಿನ ಅನುಮಾನಕ್ಕೋ ಸೋನೋಗ್ರಫಿ ಮಾಡಿಸುತ್ತೇವೆ. ವರದಿಯ ಒಂದು ಮೂಲೆಯಲ್ಲಿ ‘ಕಿಡ್ನಿಯಲ್ಲಿ ಸಿಸ್ಟ್’ ಎಂಬ ಸಾಲಿರುತ್ತದೆ. ಅಂದು ಆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಒಬ್ಬರು ಕ್ಯಾನ್ಸರ್ ಎನ್ನುತ್ತಾರೆ, ಇನ್ನೊಬ್ಬರು ಹೊಲ ಮಾರಿಯಾದರೂ ಹೈದರಾಬಾದಿಗೆ ನಡೆಯಿರಿ ಎನ್ನುತ್ತಾರೆ, ಮತ್ತೊಬ್ಬರು ತಾಯಿತ ಕಟ್ಟಿಸಿ ಎನ್ನುತ್ತಾರೆ. ಆ ಸಾಲನ್ನು ಪೂರ್ತಿ ಓದಿದವರು ಮಾತ್ರ ಯಾರೂ ಇರುವುದಿಲ್ಲ.

ಸಿಸ್ಟ್ ಎಂದರೆ ನೀರುಗುಳ್ಳೆ. ಸಾದಾ ಸಿಸ್ಟಿನಲ್ಲಿ ತೆಳು ಪೊರೆಯೊಳಗೆ ತಿಳಿಯಾದ ದ್ರವ ಇರುತ್ತದೆ, ಅಷ್ಟೆ. ಹರಳು ಬೇರೆ, ಇದು ಬೇರೆ. ಐವತ್ತು ದಾಟಿದವರಲ್ಲಿ ಇದು ತಲೆ ನರೆತಷ್ಟೇ ಸಾಮಾನ್ಯ. ಬಹುತೇಕರಿಗೆ ನೋವಿಲ್ಲ, ಕಿಡ್ನಿಯ ಕೆಲಸಕ್ಕೂ ಅಡ್ಡಿಯಿಲ್ಲ.

ಒಳಗಿರುವುದು ನೀರೋ ಗಡ್ಡೆಯೋ ಎಂದು ಕೊಯ್ಯದೆ ತಿಳಿಯುವುದು ಹೇಗೆ? ಸಿ.ಟಿ. ಸ್ಕ್ಯಾನ್ ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಒಬ್ಬ ಇಂಜಿನಿಯರ್. ಅದಕ್ಕಾಗಿ 1979ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಅಲನ್ ಕಾರ್ಮ್ಯಾಕ್ ಜೊತೆ ಹಂಚಿಕೊಂಡರು. ಅವರ ಹೆಸರಿನ ಮಾನದಲ್ಲಿ ನೀರು 0, ಗಾಳಿ ಮೈನಸ್ 1000. ಸಾದಾ ಸಿಸ್ಟ್ ನೀರಿನ ಆಸುಪಾಸಿನಲ್ಲಿ, 20ರೊಳಗೆ ಇರುತ್ತದೆ. ನರಕ್ಕೆ ಕಾಂಟ್ರಾಸ್ಟ್ ಔಷಧಿ ಕೊಟ್ಟ ಮೇಲೆ ಈ ಅಂಕಿ ಸ್ಪಷ್ಟವಾಗಿ ಏರಿದರೆ ಅಲ್ಲಿ ರಕ್ತ ಹರಿಯುವ ಅಂಗಾಂಶವಿದೆ ಎಂದರ್ಥ. ಆಗ ಎಚ್ಚರ ಬೇಕು.

ಇದನ್ನೆಲ್ಲ ನೋಡಿ ಅಮೆರಿಕದ ರೇಡಿಯಾಲಜಿ ತಜ್ಞ ಮಾರ್ಟನ್ ಬಾಸ್ನಿಯಾಕ್ 1986ರಲ್ಲಿ ಸಿಸ್ಟುಗಳನ್ನು ವರ್ಗ ಮಾಡಿದರು. 1 ಮತ್ತು 2ನೇ ವರ್ಗದ್ದನ್ನು ಅದರ ಪಾಡಿಗೆ ಬಿಡಬಹುದು. ಆಮೇಲೆ ಸೇರಿದ ‘2ಎಫ್’ ಎಂದರೆ ಕಾದು ನೋಡುವಂಥದ್ದು. ಸಾಮಾನ್ಯವಾಗಿ 5 ವರ್ಷ, ವೈದ್ಯರು ಹೇಳಿದ ದಿನಕ್ಕೆ ಸ್ಕ್ಯಾನ್ ಆಗಬೇಕು. 3ನೇ ವರ್ಗದಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ, 4ರಲ್ಲಿ ಬಹುಪಾಲು. ಇಲ್ಲಿ ಗಾತ್ರವೊಂದೇ ಮುಖ್ಯವಲ್ಲ. ದೊಡ್ಡ ಸಾದಾ ಸಿಸ್ಟಿಗಿಂತ ಚಿಕ್ಕದಾದ 4ನೇ ವರ್ಗದ್ದೇ ಅಪಾಯ. ಕೆರೆಯ ಏರಿಯಿಂದ ತಿಳಿನೀರು ಜಿನುಗಿದರೆ ಅಳತೆ ಬರೆದಿಟ್ಟು ಗಮನಿಸುತ್ತೇವೆ. ಮಣ್ಣು ಕಲಸಿಕೊಂಡು ಬಂದರೆ ರಾತ್ರಿಯೇ ಆಳು ಕರೆಸುತ್ತೇವೆ. ಇದೂ ಹಾಗೆಯೇ.

ಇನ್ನೊಂದು ಬಗೆಯಿದೆ. ಎರಡೂ ಕಿಡ್ನಿಗಳಲ್ಲಿ ಗೊಂಚಲು ಗೊಂಚಲಾಗಿ ಗುಳ್ಳೆಗಳಿದ್ದರೆ ಅದು ಪಾಲಿಸಿಸ್ಟಿಕ್ ಕಾಯಿಲೆ ಇರಬಹುದು. ದೊಡ್ಡವರಲ್ಲಿ ಕಾಣುವ ಈ ಕಾಯಿಲೆ ಹೆಚ್ಚಾಗಿ ವಂಶದಲ್ಲಿ ಬರುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ನೂರಕ್ಕೆ 50. ಗಂಡು ಹೆಣ್ಣೆಂಬ ಭೇದವಿಲ್ಲ. ಇದು ಶಾಪವಲ್ಲ, ಪೂರ್ವಜನ್ಮದ ಕರ್ಮವಲ್ಲ, ಸೊಸೆಯ ಕಾಲ್ಗುಣವಂತೂ ಅಲ್ಲವೇ ಅಲ್ಲ. ಆದರೂ ಮಕ್ಕಳ ಮದುವೆ ನಿಂತೀತೆಂದು ಮನೆಯವರು ಮುಚ್ಚಿಡುತ್ತಾರೆ. ಮುಚ್ಚಿಟ್ಟರೆ ಮಕ್ಕಳ ಬಿ.ಪಿ. ಯಾರೂ ನೋಡುವುದಿಲ್ಲ, ಮೈಕೈ ನೋವಿಗೆ ಸಿಕ್ಕ ಸಿಕ್ಕ ಗುಳಿಗೆ ನುಂಗುತ್ತಾರೆ, ಕಿಡ್ನಿ ಸೋತ ಮೇಲೆ ಗೊತ್ತಾಗುತ್ತದೆ. ಅಣ್ಣನಿಗೆ ತಮ್ಮ ಕಿಡ್ನಿ ಕೊಡಲು ಮುಂದಾದರೆ ತಮ್ಮನಿಗೂ ಇದೇ ಕಾಯಿಲೆ ಇಲ್ಲವೆಂದು ಮೊದಲು ಖಚಿತವಾಗಬೇಕು. ಬೇಗ ತಿಳಿದು ಬಿ.ಪಿ. ಹತೋಟಿಯಲ್ಲಿಟ್ಟರೆ ಕಿಡ್ನಿಯನ್ನು ಹೆಚ್ಚು ಕಾಲ ಕಾಪಾಡಿಕೊಳ್ಳಬಹುದು. ಮನೆಯ ಸತ್ಯವನ್ನು ಮಕ್ಕಳಿಗೆ ಹೇಳುವುದೂ ಶರಣ ಧರ್ಮವೇ.

ವರದಿ ಹಿಡಿದು ಹೋದಾಗ ಸಂಕೋಚವಿಲ್ಲದೆ ಮೂರು ಮಾತು ಕೇಳಿ: ಇದು ಸಾದಾ ಸಿಸ್ಟೋ ಅಲ್ಲವೋ? ಯಾವ ವರ್ಗದ್ದು? ಮತ್ತೆ ಸ್ಕ್ಯಾನ್ ಬೇಕೇ, ಬೇಕಾದರೆ ಯಾವಾಗ? ಹಳೆಯ ವರದಿ, ಫಿಲ್ಮುಗಳನ್ನು ಎಸೆಯಬೇಡಿ. ಬದಲಾವಣೆ ಗೊತ್ತಾಗುವುದು ಹೋಲಿಸಿದಾಗಲೇ. ಮೂತ್ರದಲ್ಲಿ ರಕ್ತ ಕಂಡರೆ, ಪಕ್ಕೆನೋವಿನ ಜೊತೆ ಜ್ವರ ಬಂದರೆ ದಿನ ನೂಕಬೇಡಿ. ಹೊಲ ಮಾರುವ ಮಾತಿಗೆ ಮೊದಲು ಬೀದರಿನ ಬ್ರಿಮ್ಸ್ ಆಸ್ಪತ್ರೆಯಲ್ಲಿ ತೋರಿಸಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ನೆಫ್ರೋ ಯುರಾಲಜಿ ಸಂಸ್ಥೆಯಿದೆ.

ಅಂಜುವುದಕ್ಕೂ ಅಸಡ್ಡೆಗೂ ನಡುವೆ ವಿಚಾರವೆಂಬ ದಾರಿಯಿದೆ. ಆ ದಾರಿಯಲ್ಲಿ ನಡೆಯೋಣ.