ನೋವು ನಿಂತಿತು, ರೋಗ ನಿಂತಿತೇ?

(ವಾರ್ಷಿಕ ಮಹಾಸಭೆಯಲ್ಲಿ ವೈದ್ಯಕೀಯ ನೆರವು ಸಮಿತಿಯ ಪರವಾಗಿ ಮಾಡಿದ ಭಾಷಣ)



ಲೆಕ್ಕ ಒಪ್ಪಿಸುವ ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ನಮ್ಮ ವಿದ್ಯಾರ್ಥಿನಿಯೊಬ್ಬಳ ತಾಯಿ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದರು. ಬೆರಳ ಗಂಟುಗಳು ಊದಿಕೊಂಡು, ಬೆಳಿಗ್ಗೆ ಎದ್ದು ಒಂದು ಗಂಟೆಯಾದರೂ ಮುಷ್ಟಿ ಮಡಚಲು ಆಗುತ್ತಿರಲಿಲ್ಲ. ಎರಡು ವರ್ಷ ಅವರ ನೋವಿನ ಮಾತ್ರೆಯ ಬಿಲ್ಲು ಕಟ್ಟಿದೆವು. ರೋಗ ಯಾವುದೆಂದು ಕೇಳಲಿಲ್ಲ. ತಜ್ಞರ ಬಳಿಗೆ ಕಳುಹಿಸುವ ಹೊತ್ತಿಗೆ ಬೆರಳುಗಳು ಸೊಟ್ಟಗಾಗಿದ್ದವು. ಮಗಳು ಕಾಲೇಜು ಬಿಟ್ಟು ತಾಯಿಯ ಜಾಗದಲ್ಲಿ ಬೀಡಿ ಕಟ್ಟಲು ಕುಳಿತಿದ್ದಳು.

ಅದು ರುಮಟಾಯ್ಡ್ ಸಂಧಿವಾತ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ಎರಗುವ ಕಾಯಿಲೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಮಾತ್ರೆಗಳು ನೋವನ್ನೂ ಊತವನ್ನೂ ಇಳಿಸುತ್ತವೆ. ಕೀಲು ಹಾಳಾಗುವುದನ್ನು ತಡೆಯುವುದಿಲ್ಲ. ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡಕ್ಕೆ ಹಾನಿ ಆಗಬಹುದು.

ಬಯೋಲಾಜಿಕ್ ಔಷಧಿಯ ದಾರಿಯೇ ಬೇರೆ. ಅದು ಜೀವಕೋಶಗಳಲ್ಲಿ ತಯಾರಿಸಿದ ಪ್ರೋಟೀನ್. ಉರಿಯೂತವನ್ನು ಹೊತ್ತಿಸುವ ಟಿಎನ್‌ಎಫ್‌ನಂತಹ ವಸ್ತುವನ್ನೇ ಹಿಡಿದು ತಡೆಯುತ್ತದೆ. ನುಂಗಿದರೆ ಜೀರ್ಣವಾಗಿಹೋಗುವುದರಿಂದ ಇಂಜೆಕ್ಷನ್ನಾಗಿ ಕೊಡುತ್ತಾರೆ. 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. 2014ರಲ್ಲಿ ಅಡಲಿಮುಮಾಬ್ ಎಂಬ ಔಷಧಿಯ ಬಯೋಸಿಮಿಲರ್ ನಮ್ಮ ದೇಶದಲ್ಲೇ ತಯಾರಾಗಿ ಬಂದಿತು. ಬೆಲೆ ಇಳಿದರೂ ಬಡ ಕುಟುಂಬಕ್ಕೆ ಅದು ಇಂದಿಗೂ ಹೊರೆಯೇ.

“ಹಾಗಾದರೆ ಎಲ್ಲರಿಗೂ ಆ ಇಂಜೆಕ್ಷನ್ನೇ ಕೊಡಿಸೋಣ” ಎಂದು ದಾನಿಯೊಬ್ಬರು ಹೇಳಿದರು. ಅಗತ್ಯವಿಲ್ಲ. ಇವೆರಡರ ನಡುವೆ ಮೆಥೊಟ್ರೆಕ್ಸೇಟ್ ಎಂಬ ಕಡಿಮೆ ಬೆಲೆಯ ಮಾತ್ರೆಯಿದೆ. ಸಾಮಾನ್ಯವಾಗಿ ಚಿಕಿತ್ಸೆ ಅದರಿಂದಲೇ ಆರಂಭ. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯರಿಗೆ ಸಲ್ಲದು. ಕಾಲಕಾಲಕ್ಕೆ ರಕ್ತಪರೀಕ್ಷೆ ಬೇಕು. ಇದಕ್ಕೂ ರೋಗ ಬಗ್ಗದಿದ್ದರೆ ತಜ್ಞರು ಬಯೋಲಾಜಿಕ್ ಬರೆಯುತ್ತಾರೆ. ಅದಕ್ಕೂ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು. ಒಳಗೆ ಅಡಗಿರುವ ಕ್ಷಯ ಈ ಔಷಧಿಯಿಂದ ಕೆರಳಬಹುದು.

ನೋವಿನ ಮಾತ್ರೆಯನ್ನು ನಾವು ದೂರುತ್ತಿಲ್ಲ. ಬೆನ್ನುಮೂಳೆಯ ಕೀಲುಗಳಿಗೆ ಬರುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ಗೆ ಮೊದಲು ಕೊಡುವ ಔಷಧಿಯೇ ಅದು. ಯಾವ ರೋಗಕ್ಕೆ ಯಾವುದು ಎಂದು ತಜ್ಞರು ಹೇಳಬೇಕು, ಅಷ್ಟೇ.

ಆದ್ದರಿಂದ ಇನ್ನು ಮುಂದೆ ನಿಮ್ಮ ಝಕಾತ್, ಸದಕಾದ ಹಣ ಮೊದಲು ತಜ್ಞರ ಭೇಟಿಗೆ, ಪರೀಕ್ಷೆಗೆ, ಮೆಥೊಟ್ರೆಕ್ಸೇಟ್‌ಗೆ ಹೋಗುತ್ತದೆ. ತಜ್ಞರು ಬರೆದುಕೊಟ್ಟವರಿಗೆ ಮಾತ್ರ ಬಯೋಲಾಜಿಕ್‌ಗೆ ನೆರವು. ಪೋಷಕರೇ, ಕೀಲು ಊದಿಕೊಂಡು ಬೆಳಗಿನ ಬಿಗಿತ ವಾರಗಟ್ಟಲೆ ಹೋಗದಿದ್ದರೆ ಮಾತ್ರೆ ಅಂಗಡಿಗೆ ಹೋಗುವ ಮೊದಲು ನಮಗೆ ತಿಳಿಸಿ. ಸಂಕೋಚ ಬೇಡ.

ಆ ತಾಯಿಯ ರೋಗ ಈಗ ಹತೋಟಿಯಲ್ಲಿದೆ, ಅಲ್‌ಹಮ್ದುಲಿಲ್ಲಾಹ್. ಸೊಟ್ಟಗಾದ ಬೆರಳು ನೆಟ್ಟಗಾಗಲಿಲ್ಲ. ಮಗಳು ಮತ್ತೆ ಕಾಲೇಜಿಗೆ ಸೇರಿದ್ದಾಳೆ. ಈ ವರ್ಷದ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಅವಳ ಹೆಸರೂ ಇದೆ.