ಜೀರ್ಣಾಂಗಗಳ ರಕ್ತಸ್ರಾವ: ಅಧ್ಯಾಪಕರು ಅರಿತಿರಬೇಕಾದುದು



ಮೊಣಕಾಲು ತರಚಿ ನೆತ್ತರು ಒಸರಿದರೆ ಮಗು ಓಡಿಬಂದು ತೋರಿಸುತ್ತದೆ. ಅನ್ನನಾಳ, ಜಠರ, ಕರುಳುಗಳೊಳಗೆ ರಕ್ತ ಸೋರಿದರೆ ತೋರಿಸಲು ಗಾಯವಿಲ್ಲ. ಹೇಳಿಕೊಳ್ಳಲು ನಾಚಿಕೆ ಬೇರೆ. ಮಲದ ಬಣ್ಣವನ್ನು ಕುರಿತು ಮಾತನಾಡುವುದು ಅಸಭ್ಯವೆಂಬ ಭಾವನೆಯಿಂದ ಅನೇಕರು ತೀರ ನಿತ್ರಾಣರಾದ ಮೇಲೆಯೇ ವೈದ್ಯರ ಬಳಿಗೆ ಹೋಗುತ್ತಾರೆ. ಆದುದರಿಂದ ಈ ರಕ್ತಸ್ರಾವದ ಕಾರಣ, ಅಪಾಯ, ಚಿಕಿತ್ಸೆಗಳನ್ನು ಇಂದು ಮುಚ್ಚುಮರೆಯಿಲ್ಲದೆ ವಿಚಾರಿಸೋಣ.

ಇದರ ಕುರುಹುಗಳು ಮುಖ್ಯವಾಗಿ ಮೂರು. ಮೊದಲನೆಯದು ರಕ್ತದ ವಾಂತಿ. ಅದು ಕೆಂಪಾಗಿಯೇ ಇರಬೇಕೆಂದಿಲ್ಲ. ಜಠರದ ಆಮ್ಲ ತಗುಲಿದ ರಕ್ತವು ಡಿಕಾಕ್ಷನ್ ಇಳಿಸಿದ ಮೇಲೆ ಉಳಿಯುವ ಕಾಫಿಪುಡಿಯಂತೆ ಕಾಣುತ್ತದೆ. ಎರಡನೆಯದು ಡಾಂಬರಿನಂತೆ ಕಪ್ಪಾದ, ಅಂಟಾದ, ವಿಪರೀತ ದುರ್ವಾಸನೆಯ ಮಲ. ಸಾಮಾನ್ಯವಾಗಿ ಮೇಲ್ಭಾಗದಲ್ಲಿ ಸುರಿದ ರಕ್ತವು ಕರುಳಿನಲ್ಲಿ ಸಾಗುತ್ತ ಮಾರ್ಪಟ್ಟು ಹೀಗಾಗುತ್ತದೆ. ಇದಕ್ಕೆ 50ರಿಂದ 100 ಮಿಲಿಲೀಟರ್ ರಕ್ತ ಸಾಕು. ಮೂರನೆಯದು ಮಲದೊಡನೆ ಬರುವ ಕೆಂಪು ರಕ್ತ. ಅದರ ಮೂಲ ಹೆಚ್ಚಾಗಿ ದೊಡ್ಡ ಕರುಳು ಅಥವಾ ಗುದದ್ವಾರ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಅದು ರಕ್ತಸ್ರಾವವಲ್ಲ. ಈ ಮಾತನ್ನು ಪೋಷಕರಿಗೆ ಮುಂಚೆಯೇ ತಿಳಿಸದಿದ್ದರೆ ಅವರು ಹೆದರಿ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಆದರೆ ಮಲ ಡಾಂಬರಿನಂತೆ ಅಂಟಾಗಿದ್ದರೆ, ಜೊತೆಗೆ ತಲೆಸುತ್ತು, ಬಿಳಿಚಿಕೊಂಡ ಮುಖ ಕಂಡುಬಂದರೆ ಮಾತ್ರೆಯ ನೆಪ ಹೇಳಿ ಸುಮ್ಮನಿರಬಾರದು.

ಇನ್ನು ಕಾರಣಗಳು. ದೊಡ್ಡವರಲ್ಲಿ ಪ್ರಮುಖವಾದುದು ಜಠರದ ಹಾಗೂ ಸಣ್ಣ ಕರುಳಿನ ಮೊದಲ ಭಾಗದ ಹುಣ್ಣು. ಖಾರ ಮತ್ತು ಚಿಂತೆಯೇ ಇದಕ್ಕೆ ಮೂಲವೆಂದು ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯವನ್ನು ಗುರುತಿಸಿ, ಅದಕ್ಕೂ ಹುಣ್ಣಿಗೂ ಇರುವ ಸಂಬಂಧವನ್ನು ತೋರಿಸಿದರು. 2005ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಎರಡನೆಯ ಕಾರಣ ನೋವಿನ ಮಾತ್ರೆ. ತೋಟದಲ್ಲಿ, ಮಗ್ಗದ ಮುಂದೆ, ಹೊಲದಲ್ಲಿ ದುಡಿದು ಮೈಕೈ ನೋವೆಂದು ಅಂಗಡಿಯಿಂದ ತಂದು ದಿನವೂ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್‌ಗಳು ಜಠರದ ಒಳಪದರದ ರಕ್ಷಣೆಯನ್ನು ಕುಗ್ಗಿಸುತ್ತವೆ. ಮೂರನೆಯದು, ಮದ್ಯಪಾನ ಅಥವಾ ಹೆಪಟೈಟಿಸ್‌ನಿಂದ ಯಕೃತ್ತು ಗಡಸಾಗಿ, ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆಯುವುದು. ಇದು ಅತ್ಯಂತ ಭೀಕರವಾದುದು. ಮೂಲವ್ಯಾಧಿ, ಕರುಳಿನ ಕ್ಯಾನ್ಸರ್‌ಗಳಿಂದ ಕೆಳಭಾಗದಲ್ಲಿ ರಕ್ತ ಹೋಗುತ್ತದೆ. ನಡುವಯಸ್ಸು ದಾಟಿದವರು ಪರೀಕ್ಷೆಯಿಲ್ಲದೆ ಎಲ್ಲವನ್ನೂ ಮೂಲವ್ಯಾಧಿಯೆಂದು ಭಾವಿಸಬಾರದು.

ಮಕ್ಕಳಲ್ಲಿ ಮಲಬದ್ಧತೆಯಿಂದಾಗುವ ಗುದದ ಬಿರುಕು, ರಕ್ತಭೇದಿ ಸಾಮಾನ್ಯ. ಬರಿಗಾಲಿನ ಚರ್ಮವನ್ನು ಭೇದಿಸಿ ಒಳಸೇರುವ ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ದಿನವೂ ಕಿಂಚಿತ್ತು ರಕ್ತ ಹೀರುತ್ತದೆ. ಕಣ್ಣಿಗೆ ರಕ್ತ ಕಾಣುವುದಿಲ್ಲ. ಮಗು ಮಂಕಾಗುತ್ತದೆ, ಪಾಠದಲ್ಲಿ ಹಿಂದೆ ಬೀಳುತ್ತದೆ. ಜಂತುಹುಳು ನಿವಾರಣಾ ದಿನದಂದು ಕೊಡುವ ಆಲ್ಬೆಂಡಜೋಲ್ ಮಾತ್ರೆಯ ಮಹತ್ತ್ವ ಇಲ್ಲಿದೆ. ಡೆಂಗಿ ಜ್ವರದಲ್ಲಿ ಕಪ್ಪು ಮಲ ಅಥವಾ ರಕ್ತದ ವಾಂತಿ ಅಪಾಯದ ಸೂಚನೆ. ಆ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೇನ್ ಕೊಡಬಾರದು. ಆಟಿಕೆಯ ಬಿಲ್ಲೆ ಬ್ಯಾಟರಿ ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಡಬಹುದು. ನೋವಿಲ್ಲವೆಂದು ಕಾಯಬಾರದು.

ಚಿಕಿತ್ಸೆಯು ಕಾಲದೊಡನೆ ನಡೆಸುವ ಪೈಪೋಟಿ. ಆಸ್ಪತ್ರೆಯಲ್ಲಿ ಮೊದಲು ರಕ್ತನಾಳದ ಮೂಲಕ ದ್ರವವನ್ನೂ ಅಗತ್ಯವಿದ್ದರೆ ರಕ್ತವನ್ನೂ ಕೊಡುತ್ತಾರೆ. ಆಮ್ಲ ತಗ್ಗಿಸುವ ಔಷಧ ಆರಂಭಿಸುತ್ತಾರೆ. ಮೇಲ್ಭಾಗದ ರಕ್ತಸ್ರಾವವಾದರೆ ಸಾಮಾನ್ಯವಾಗಿ 24 ಗಂಟೆಗಳೊಳಗೆ ಎಂಡೋಸ್ಕೋಪಿ ನಡೆಸಿ, ಸೋರುವ ಜಾಗವನ್ನು ಕಂಡು, ಚುಚ್ಚುಮದ್ದು, ಕ್ಲಿಪ್ ಅಥವಾ ಶಾಖದಿಂದ ನಿಲ್ಲಿಸುತ್ತಾರೆ. ಉಬ್ಬಿದ ರಕ್ತನಾಳಗಳಿಗೆ ರಬ್ಬರ್ ಬಳೆ ಹಾಕಿ ಬಿಗಿಯುತ್ತಾರೆ. ಬ್ಯಾಕ್ಟೀರಿಯ ಕಂಡುಬಂದರೆ ಆ್ಯಂಟಿಬಯಾಟಿಕ್‌ಗಳನ್ನು ವೈದ್ಯರು ಹೇಳಿದಷ್ಟು ದಿನ ಪೂರ್ತಿಯಾಗಿ ಸೇವಿಸಬೇಕು. ಹೃದ್ರೋಗಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು.

ಶಾಲೆಯಲ್ಲಿ ಯಾರಾದರೂ ರಕ್ತ ವಾಂತಿ ಮಾಡಿದರೆ ಒಂದು ಮಗ್ಗುಲಿಗೆ ಮಲಗಿಸಿರಿ. ನೀರು, ಮಜ್ಜಿಗೆ, ಮನೆಮದ್ದು ಏನನ್ನೂ ಕುಡಿಸಬೇಡಿರಿ. 108ಕ್ಕೆ ಕರೆಮಾಡಿರಿ. ನುಂಗಿದ ಮಾತ್ರೆಗಳ ಹಾಳೆಯನ್ನು ಜೊತೆಯಲ್ಲಿ ಕಳುಹಿಸಿರಿ. ತಣ್ಣನೆಯ ಬೆವರು, ವೇಗದ ನಾಡಿ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು ಬಹಳ ರಕ್ತ ಹೋಗಿರುವುದರ ಲಕ್ಷಣಗಳು.

ಕೊನೆಯದಾಗಿ, ಗಡಿಯಾಚೆ ಕನ್ನಡ ಕಲಿಸುವ ನಿಮಗೆ ಮಾತ್ರ ಸಾಧ್ಯವಾದ ಒಂದು ಕೆಲಸವಿದೆ. ನಮ್ಮ ಮಕ್ಕಳ ಮನೆಮಾತು ಒಂದು, ಎಷ್ಟೋ ಸಲ ಆಸ್ಪತ್ರೆಯ ಮಾತು ಇನ್ನೊಂದು. ಅಜ್ಜಿ ಕನ್ನಡದಲ್ಲಿ ಹೇಳಿದ್ದನ್ನು ವೈದ್ಯರಿಗೆ ತಿಳಿಸುವವನು ಹತ್ತು ವರ್ಷದ ಮೊಮ್ಮಗ. ಅವನು ‘ಹೊಟ್ಟೆ ಕೆಟ್ಟಿದೆ’ ಎಂದಷ್ಟೇ ಹೇಳಿದರೆ ವೈದ್ಯರು ಭೇದಿಯೆಂದು ತಿಳಿದಾರು. ಕಪ್ಪೆಂಬ ಒಂದು ಪದ ಬಿಟ್ಟುಹೋಗಿ ಒಂದು ಇಡೀ ದಿನ ಕಳೆದೀತು. ರಕ್ತವೆಂಬ ಪದವನ್ನು ನೆರೆಯ ಭಾಷೆಗಳವರೂ ಬಲ್ಲರು. ಆದರೆ ನಮ್ಮ ಕಪ್ಪು ತಮಿಳು, ಮಲಯಾಳಗಳಲ್ಲಿ ಕರುಪ್ಪು, ತೆಲುಗಿನಲ್ಲಿ ನಲುಪು, ಮರಾಠಿಯಲ್ಲಿ ಕಾಳಾ. ಯಾವಾಗಿನಿಂದ, ಎಷ್ಟು ಸಲ, ಯಾವ ಬಣ್ಣ, ಯಾವ ಮಾತ್ರೆ ಎಂಬ ನಾಲ್ಕು ಪ್ರಶ್ನೆಗಳಿಗೆ ಕನ್ನಡದಲ್ಲಿಯೂ ನಿಮ್ಮ ರಾಜ್ಯದ ಭಾಷೆಯಲ್ಲಿಯೂ ನಾಚದೆ ಉತ್ತರಿಸುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಿರಿ. ಆರೋಗ್ಯ ಪಾಠದ ಒಂದು ಅವಧಿ ಇದಕ್ಕೆ ಸಾಕು.