ಮೇಲ್ವಿಚಾರಕನಿಗೆ ತಿಳಿಯಲಿಲ್ಲ, ಸೇವಕರಿಗೆ ತಿಳಿದಿತ್ತು

(ಮಾತೆ ಮರಿಯಮ್ಮನವರ ಜನನೋತ್ಸವದ ನೊವೇನದಲ್ಲಿ ನೀಡಿದ ಪ್ರಬೋಧನೆ)



ಸೆಪ್ಟೆಂಬರ್ 8ರ ಹಬ್ಬಕ್ಕೆ ನಾವು ನೊವೇನದ ಮೂಲಕ ಸಿದ್ಧರಾಗುತ್ತಿದ್ದೇವೆ. ಕಾವಿ ಬಟ್ಟೆ ಧರಿಸಿ ಶಿವಾಜಿನಗರದ ಬೆಸಿಲಿಕಕ್ಕೆ ಹೋಗಿಬಂದವರೂ ಇಲ್ಲಿದ್ದೀರಿ. ಈಗ ಓದಿದ ಶುಭಸಂದೇಶ ಕಾನಾ ಊರಿನ ಮದುವೆಯದು. ಮದುವೆ ಪೂಜೆಗಳಲ್ಲಿ ಎಷ್ಟೋ ಸಲ ಕೇಳಿರುವುದರಿಂದ ಗಮನವಿಟ್ಟು ಕೇಳುವುದು ಕಡಿಮೆ.

ಸಂತ ಯೊವಾನ್ನರು ಅಲ್ಲೊಂದು ಸಣ್ಣ ವಿಷಯ ಬರೆದಿಟ್ಟಿದ್ದಾರೆ. ದ್ರಾಕ್ಷಾರಸ ಎಲ್ಲಿಂದ ಬಂತೆಂದು ಔತಣದ ಮೇಲ್ವಿಚಾರಕನಿಗೆ ತಿಳಿದಿರಲಿಲ್ಲ. ನೀರು ತುಂಬಿದ ಸೇವಕರಿಗೆ ತಿಳಿದಿತ್ತು. ದ್ರಾಕ್ಷಾರಸ ಮುಗಿದದ್ದನ್ನು ಯೇಸುಸ್ವಾಮಿಗೆ ಹೇಳಿದ್ದೂ ಅವನಲ್ಲ, ಮರಿಯಮ್ಮನವರು. ಬಡಿಸುವವರಿಗೂ ಒಬ್ಬ ತಾಯಿಗೂ ಕಂಡದ್ದು ಜವಾಬ್ದಾರಿ ಹೊತ್ತವನಿಗೆ ಕಾಣಲಿಲ್ಲ.

ನಮ್ಮ ಕುಟುಂಬಗಳ ಅನೇಕ ಯುವಕ ಯುವತಿಯರು ನಗರದ ಬಾರ್, ಪಬ್, ಹೋಟೆಲುಗಳಲ್ಲಿ ದುಡಿಯುತ್ತಾರೆ. ಅದು ಕೀಳು ಕೆಲಸವಲ್ಲ. ಯೇಸುಸ್ವಾಮಿಯ ಮೊದಲ ಸೂಚಕಕಾರ್ಯಕ್ಕೆ ಕೈಜೋಡಿಸಿದವರೇ ಬಡಿಸುವವರು. ಆದರೆ ಅವರು ರಾತ್ರಿ ಕಾಣುವುದನ್ನು ನಾವು ಯಾರೂ ಕೇಳುವುದಿಲ್ಲ.

ನಾನು ಹಿಂದೆ ಸೇವೆ ಸಲ್ಲಿಸಿದ ಧರ್ಮಕೇಂದ್ರದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ; ಹೇಳಲು ಅವನೇ ಒಪ್ಪಿದ್ದಾನೆ. ಅವನು ಒಂದು ಪಬ್ಬಿನಲ್ಲಿ ಸಪ್ಲೈಯರ್ ಆಗಿದ್ದ. ಅಲ್ಲಿಗೆ ಬರುತ್ತಿದ್ದ ಒಬ್ಬ ಗಿರಾಕಿ ಒಂದೇ ಬಿಯರ್ ಮುಂದಿಟ್ಟುಕೊಂಡು ಮೂರು ಗಂಟೆ ಕೂರುತ್ತಿದ್ದ. ಬೇರೆ ಬೇರೆ ಟೇಬಲ್ಲಿನವರು ಬಂದು ಒಂದು ನಿಮಿಷ ಮಾತನಾಡಿ ಹೋಗುತ್ತಿದ್ದರು. ಪರಿಚಯವೇ ಇಲ್ಲದಂತೆ ಕೂತಿದ್ದವರು ಇಬ್ಬಿಬ್ಬರಾಗಿ ಒಂದೇ ಶೌಚಾಲಯಕ್ಕೆ ನುಗ್ಗುತ್ತಿದ್ದರು. ರಾತ್ರಿ ಗುಡಿಸುವಾಗ ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ಕವರುಗಳು, ಸುರುಳಿ ಸುತ್ತಿದ ನೋಟು, ಸುಟ್ಟ ಬೆಳ್ಳಿ ಕಾಗದ ಸಿಗುತ್ತಿದ್ದವು. ಮ್ಯಾನೇಜರಿಗೆ ಹೇಳಿದರೆ, "ನಿನ್ನ ಕೆಲಸ ಪ್ಲೇಟ್ ಎತ್ತೋದು, ಅಷ್ಟು ಮಾಡು" ಎಂದರಂತೆ. ಒಂದು ದಿನ ಆ ಗಿರಾಕಿಯೇ ಇವನನ್ನು ಕರೆದು, ಬಿಲ್ಲಿನ ಜೊತೆ ಏಳನೇ ಟೇಬಲ್ಲಿಗೆ ಕೊಡು ಎಂದು ಒಂದು ಪೊಟ್ಟಣವನ್ನೂ 500 ರೂಪಾಯಿ ಟಿಪ್ಸನ್ನೂ ಕೈಗಿಟ್ಟ. ಹುಡುಗ ತಲುಪಿಸಿದ. ಆಮೇಲೆ ವಾರ ವಾರ ಅದೇ ನಡೆಯಿತು.

"ಟಿಪ್ಸ್ ಚೆನ್ನಾಗಿ ಸಿಗ್ತಿದೆಯಮ್ಮಾ" ಎಂದು ಮನೆಯಲ್ಲಿ ಹೇಳಿದ. ತಾಯಿ ಸಂತೋಷಪಟ್ಟರು. ಆ ವರ್ಷ ಹಬ್ಬದ ಹೂವಿನ ಅಲಂಕಾರಕ್ಕೆಂದು ನನಗೆ 5,000 ರೂಪಾಯಿ ತಂದುಕೊಟ್ಟ. ನಾನು ರಸೀದಿ ಬರೆದು ಬೆನ್ನು ತಟ್ಟಿದೆ. ಸಪ್ಲೈಯರ್ ಸಂಬಳದಲ್ಲಿ ಇಷ್ಟು ಹೇಗಪ್ಪಾ ಎಂದು ಕೇಳಲಿಲ್ಲ. ಕಾನಾದ ಮೇಲ್ವಿಚಾರಕನೂ ಅಷ್ಟೇ ಮಾಡಿದ್ದು. ರುಚಿಯಾಗಿದೆ ಎಂದ, ಎಲ್ಲಿಂದ ಬಂತೆಂದು ವಿಚಾರಿಸಲಿಲ್ಲ.

ಒಂದು ಶನಿವಾರ ರಾತ್ರಿ ಏಳನೇ ಟೇಬಲ್ಲಿನ ಹುಡುಗಿ ಕುಸಿದು ಬಿದ್ದಳು. ಮೈ ಸುಡುತ್ತಿತ್ತು, ಹಲ್ಲು ಕಚ್ಚಿಕೊಂಡಿದ್ದಳು. "ಹೊರಗೆ ಹಾಕಿ, ಕೇಸಾಗುತ್ತೆ" ಎಂದು ಯಾರೋ ಕೂಗಿದರು. ಇವನು ಆಕೆಯನ್ನು ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಆಂಬುಲೆನ್ಸಿನವರಿಗೆ ಏನು ನುಂಗಿದ್ದಾಳೆಂದು ಇದ್ದದ್ದನ್ನು ಇದ್ದಂತೆ ಹೇಳಿದ. ಆಕೆ ಬದುಕಿದಳು. ಮರುದಿನ ಅವನು ನನ್ನ ಬಳಿ ಬಂದ. ವಕೀಲರನ್ನು ಜೊತೆಗೆ ಕರೆದುಕೊಂಡು ಹೋಗಿ, ಕಂಡದ್ದನ್ನೂ ಮಾಡಿದ್ದನ್ನೂ ಪೊಲೀಸರ ಮುಂದೆ ಹೇಳಿದ. ಕೆಲಸ ಹೋಯಿತು. ಸಾಕ್ಷಿ ಹೇಳಲು ಬಹಳ ಕಾಲ ನ್ಯಾಯಾಲಯಕ್ಕೆ ಅಲೆದ.

ಎನ್‌ಡಿಪಿಎಸ್ ಎಂದು ಪತ್ರಿಕೆಗಳಲ್ಲಿ ಓದುತ್ತೀರಲ್ಲ, ಅದು 1985ರ ಮಾದಕದ್ರವ್ಯ ಕಾಯ್ದೆ. ತನ್ನ ಜಾಗದಲ್ಲಿ ಇಂಥ ಅಪರಾಧ ನಡೆಯಲು ತಿಳಿದೂ ಬಿಟ್ಟ ಮಾಲೀಕನಿಗೂ ಅದರ 25ನೇ ಕಲಂ ಪ್ರಕಾರ ಅದೇ ಅಪರಾಧದ ಶಿಕ್ಷೆ. 'ತಿಳಿದೂ' ಎಂಬ ಮಾತಿರುವುದರಿಂದಲೇ ಕೆಲವರು ತಿಳಿದುಕೊಳ್ಳಲು ಇಷ್ಟಪಡುವುದಿಲ್ಲ. ಸಪ್ಲೈಯರಿಗೆ ಆ ಅನುಕೂಲವಿಲ್ಲ. ಪೊಟ್ಟಣ ಯಾರ ಕೈಯಲ್ಲಿ ಸಿಕ್ಕಿತೋ ಅವನೇ ತನಗೆ ತಿಳಿದಿರಲಿಲ್ಲವೆಂದು ಸಾಬೀತುಪಡಿಸಬೇಕು. ಎಂಡಿಎಂಎ ಎಂಬ ಮಾದಕವಸ್ತು 10 ಗ್ರಾಂ ಮೀರಿದರೆ ಕನಿಷ್ಠ ಶಿಕ್ಷೆ 10 ವರ್ಷ. 10 ಗ್ರಾಂ ಎಂದರೆ ಸುಮಾರು ಎರಡು ಚಮಚ ಸಕ್ಕರೆಯ ತೂಕ, ಅಷ್ಟೇ.

ದುಡಿಯುವ ಮಕ್ಕಳೇ, ಒಂದು ಗುರುತು ಕಂಡ ಮಾತ್ರಕ್ಕೆ ಯಾರ ಮೇಲೂ ಅಪವಾದ ಹೊರಿಸಬೇಡಿ. ಉದ್ದ ಕೂದಲು, ಹಚ್ಚೆ ಇವೆಲ್ಲ ಗುರುತೇ ಅಲ್ಲ. ನಮ್ಮ ಗಾಯನವೃಂದದಲ್ಲೇ ಅಂಥವರಿದ್ದಾರೆ! ಪದೇ ಪದೇ ಕಂಡದ್ದನ್ನು ದಿನಾಂಕ ಹಾಕಿ ಬರೆದಿಡಿ. ಪೊಟ್ಟಣ ಸಿಕ್ಕರೆ ಜೇಬಿಗೆ ಹಾಕಬೇಡಿ, ಚರಂಡಿಗೂ ಸುರಿಯಬೇಡಿ. ಇನ್ನೊಬ್ಬರನ್ನು ಸಾಕ್ಷಿಗೆ ಕರೆದು ಮ್ಯಾನೇಜರಿಗೆ ತೋರಿಸಿ, ಪೊಲೀಸರನ್ನು ಕರೆಸಿ. ಅವರು ಕಿವಿಗೊಡದಿದ್ದರೆ, 2024ರಲ್ಲಿ ಆರಂಭವಾದ 1933 ಎಂಬ ಸಹಾಯವಾಣಿಯಿದೆ. ಕರೆ ಮಾಡಿದವರ ಗುರುತು ಗುಟ್ಟಾಗಿರುತ್ತದೆ. ಲೈಸೆನ್ಸ್ ಪಡೆದು ವ್ಯಾಪಾರ ನಡೆಸುವವರೂ ಇಲ್ಲಿದ್ದರೆ, ಶೌಚಾಲಯವನ್ನು ಆಗಾಗ ನೋಡಿಬರಲು ಒಬ್ಬರನ್ನು ಇಡಿ. ನಿಮ್ಮ ಹುಡುಗರು ಬಂದು ಹೇಳಿದಾಗ ಬಾಯಿ ಮುಚ್ಚಿಸಬೇಡಿ.

ಕುಸಿದು ಬಿದ್ದ ಆ ಹುಡುಗಿಯೂ ಒಂದು ಮನೆಯ ಮಗಳು. ಚಟಕ್ಕೆ ಸಿಕ್ಕವರನ್ನು ಸಭೆ ಹೊರಗೆ ಹಾಕಿ ಮರೆಯುವುದಿಲ್ಲ. ಚೀನಾದ ಮಾರ್ಕ್ ಜಿ ಟಿಯಾನ್‌ಷಿಯಾಂಗ್ ಎಂಬ ವೈದ್ಯರು ಹೊಟ್ಟೆನೋವಿಗೆಂದು ತೆಗೆದುಕೊಂಡ ಅಫೀಮಿಗೆ ದಾಸರಾದರು. ಸುಮಾರು 30 ವರ್ಷ ಪರಮಪ್ರಸಾದ ಸಿಗದಿದ್ದರೂ ದೇವಾಲಯಕ್ಕೆ ಬರುವುದನ್ನು ಬಿಡಲಿಲ್ಲ. 1900ರಲ್ಲಿ ವಿಶ್ವಾಸಕ್ಕಾಗಿ ಪ್ರಾಣಕೊಟ್ಟರು. 2000ದಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಅವರನ್ನು ಸಂತರೆಂದು ಘೋಷಿಸಿದರು. ಮನೆಯಲ್ಲಿ ಇಂಥ ಕಷ್ಟವಿದ್ದರೆ ನಾಚಿಕೆಪಡದೆ ನಿಮ್ಹಾನ್ಸ್‌ಗೆ ಕರೆದೊಯ್ಯಿರಿ, ಇಲ್ಲವೇ 14446ಕ್ಕೆ ಫೋನ್ ಮಾಡಿ.

ಆ ಹುಡುಗನ ಮನೆಗೆ ವಿನ್ಸೆಂಟ್ ದೆ ಪಾಲ್ ಸಭೆಯವರು ಎರಡು ತಿಂಗಳು ದಿನಸಿ ಕೊಟ್ಟರು. ಈಗ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದಾನೆ. ಅಲ್ಲಿ ಟಿಪ್ಸ್ ಇಲ್ಲ. ಕಳೆದ ವರ್ಷ ನನ್ನನ್ನು ಕಾಣಲು ಬಂದಾಗ ಹಬ್ಬದ ಹೂವಿಗೆಂದು 200 ರೂಪಾಯಿ ಕೊಟ್ಟ. ಎಲ್ಲಿಂದ ಬಂತು ಎಂದು ಈ ಸಲ ಕೇಳಿದೆ. "ಈರುಳ್ಳಿ ಹೆಚ್ಚಿದ್ದು ಫಾದರ್" ಎಂದು ನಕ್ಕ.

ಮಕ್ಕಳು ರಾತ್ರಿ ಪಾಳಿಯಲ್ಲಿರುವ ತಾಯಂದಿರೇ, ಅವರು ಎಷ್ಟು ಹೊತ್ತಿಗೆ ಬಂದರೂ ಒಂದು ಲೋಟ ಕಾಫಿ ಕೊಟ್ಟು ಪಕ್ಕದಲ್ಲಿ ಕೂತು ಕೇಳಿ. ಶನಿವಾರ ರಾತ್ರಿ ದುಡಿದು ಭಾನುವಾರ ಬೆಳಗಿನ ಪೂಜೆಗೆ ಬರಲಾಗದವರು ಸಂಜೆಯ ಪೂಜೆಗೆ ಬರಲಿ. ಪೂಜೆಯಾದ ಮೇಲೆ ನಾನು ಗುರುನಿವಾಸದಲ್ಲೇ ಇರುತ್ತೇನೆ.